ಶಾಸನ ಓದುವ ಮಕ್ಕಳಿಗೂ ಒಂದು ಪಾಲು ಎತ್ತಿಡಿ: ಕೋಲಾರ, ಚಿಕ್ಕಬಳ್ಳಾಪುರದ ದಾನಿಗಳಿಗೆ ಬಹಿರಂಗ ಪತ್ರ

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ದಾನಿಗಳಿಗೆ, ಟೊಮೆಟೊ ಮಂಡಿ ಮಾಲೀಕರಿಗೆ, ರೇಷ್ಮೆಗೂಡು ವ್ಯಾಪಾರಿಗಳಿಗೆ, ಹಾಲಿನ ಡೇರಿ ಸಂಘದವರಿಗೆ, ದೇವಸ್ಥಾನದ ಕಮಿಟಿಗಳಿಗೆ, ಬೆಂಗಳೂರಿನಲ್ಲಿ ನೆಲೆಸಿ ಜಾತ್ರೆಗೆ ಮಾತ್ರ ಊರಿಗೆ ಬರುವ ನಮ್ಮ ಅಣ್ಣಂದಿರು ಅಕ್ಕಂದಿರಿಗೆ,

ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ರಿಸಲ್ಟ್ ಬಂದ ಮೇಲೆ ನೀವು ಪ್ರತಿಭಾ ಪುರಸ್ಕಾರ ಮಾಡುತ್ತೀರಿ. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಜಾಸ್ತಿ ಮಾರ್ಕ್ಸ್ ತೆಗೆದ ಮಕ್ಕಳಿಗೆ ಶಾಲು, ಹಾರ, ನೆನಪಿನ ಕಾಣಿಕೆ, ಜೊತೆಗೆ ಒಂದು ಕವರ್. ಅಪ್ಪ ಅಮ್ಮನ ಮುಖ ನೋಡಬೇಕು ಆಗ. ಒಳ್ಳೆಯ ಕೆಲಸ, ಅದನ್ನು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ನಾನು ಕೇಳುವುದು ಇಷ್ಟೇ. ಆ ದುಡ್ಡಿನಲ್ಲಿ ಒಂದು ಪಾಲನ್ನು ಇತಿಹಾಸ ಓದುವ, ಅದರಲ್ಲೂ ಶಾಸನ ಓದಲು ಕಲಿಯುತ್ತಿರುವ ವಿದ್ಯಾರ್ಥಿಗಳಿಗೆ ಎತ್ತಿಡಿ. ಪದಕ ಬೇಡ, ಬಹುಮಾನವೂ ಬೇಡ. ಓದುತ್ತಿರುವಾಗಲೇ, ತಿಂಗಳು ತಿಂಗಳು, ಊಟಕ್ಕೆ, ಆಟೋಗೆ, ಕಾಗದ ಮತ್ತು ಮಸಿಗೆ ಅಂತ ಕೊಡಿ.

ನಾನು ಮುಳಬಾಗಿಲು ತಾಲ್ಲೂಕಿನವಳು. ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಇತಿಹಾಸ ಪಾಠ ಮಾಡುತ್ತೇನೆ. ರಜೆ ಸಿಕ್ಕಿದಾಗೆಲ್ಲ ಆಸಕ್ತಿ ಇರುವ ನಾಲ್ಕು ಮಕ್ಕಳನ್ನು ಕರೆದುಕೊಂಡು ಶಾಸನದ ಕಲ್ಲು ಇರುವ ಕಡೆ ಹೋಗುತ್ತೇನೆ. ಹಾಗೆ ಹೋದಾಗ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಯಾಕೆ ಶಾಸನ, ಯಾಕೆ ನಮ್ಮ ಜಿಲ್ಲೆಗಳಲ್ಲಿ ಅಂತ ಹೇಳಬೇಕು. ಬಿ.ಎಲ್. ರೈಸ್ ಅಂತ ಒಬ್ಬರಿದ್ದರು. ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷ್ ಅಧಿಕಾರಿ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯನ್ನು ಕಟ್ಟಿದವರು. ಸಂಸ್ಥಾನದ ಸುಮಾರು ಒಂಬತ್ತು ಸಾವಿರ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕಾ' ಅನ್ನುವ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ 10ನೇ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯದು, 1905ರಲ್ಲಿ ಬಂತು. ಆಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಚಿಂತಾಮಣಿ, ಶಿಡ್ಲಘಟ್ಟ ಎಲ್ಲ ಕೋಲಾರಕ್ಕೇ ಸೇರಿದ್ದವು. ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಪಕ್ಕದ ತುಮಕೂರಿನದು 12ನೇ ಸಂಪುಟ. ತಾಲ್ಲೂಕುವಾರು ನಂಬರ್ ಹಾಕಿದ್ದಾರೆ, ಶಾಸನ ಓದುವವರು ಇವತ್ತಿಗೂ "ಮುಳಬಾಗಿಲು ಇಂಥ ನಂಬರು" ಅಂತಲೇ ಮಾತಾಡುತ್ತಾರೆ. ನಿಮ್ಮ ಊರ ಹೆಸರೂ ಅದರಲ್ಲಿ ಇರಬಹುದು, ಒಮ್ಮೆ ಹುಡುಕಿ ನೋಡಿ. ಇಂಟರ್‌ನೆಟ್ಟಿನಲ್ಲಿ ದುಡ್ಡಿಲ್ಲದೆ ಸಿಗುತ್ತದೆ.

ಆ ಪುಸ್ತಕ ಬಂದು ನೂರಕ್ಕೂ ಹೆಚ್ಚು ವರ್ಷ ಆಯಿತು. ರೈಸ್ ಅವರ ಕಣ್ಣಿಗೆ ಬೀಳದ ಕಲ್ಲುಗಳು ಹೊಲದ ಬದುವಿನಲ್ಲಿ, ಕೆರೆ ತೂಬಿನ ಹತ್ತಿರ, ಹುಣಸೆ ಮರದ ಬುಡದಲ್ಲಿ ಈಗಲೂ ಸಿಗುತ್ತವೆ. ಅವರು ನೋಡಿ ಅಚ್ಚು ಹಾಕಿಸಿದವುಗಳಲ್ಲಿ ಎಷ್ಟೋ ಈಗ ಜಾಗದಲ್ಲಿಲ್ಲ. ಇದ್ದವನ್ನೂ ಮತ್ತೊಮ್ಮೆ ಓದಬೇಕಾಗಿದೆ, ಯಾಕೆಂದರೆ ಆಗ ತಪ್ಪಾಗಿ ಓದಿದ್ದು, ಅರ್ಧ ಮಣ್ಣಿನಲ್ಲಿ ಹೂತಿದ್ದರಿಂದ ಬಿಟ್ಟುಹೋದದ್ದು, ಎಲ್ಲವೂ ಉಂಟು.

ನಮ್ಮ ಕಡೆಯ ಕಲ್ಲುಗಳನ್ನು ಓದುವುದು ಸುಲಭವೂ ಅಲ್ಲ. ಕೋಲಾರಮ್ಮನ ಗುಡಿಯ ಗೋಡೆಯಲ್ಲಿರುವುದು ಚೋಳರ ಕಾಲದ ತಮಿಳು ಶಾಸನ. ನಮ್ಮ ತಾಲ್ಲೂಕಿನ ಆವನಿಯಲ್ಲಿ ನೊಳಂಬ ರಾಜರ ಕಾಲದ ಕನ್ನಡ. ಬಾಗೇಪಲ್ಲಿ ಕಡೆ ಹೋದರೆ ತೆಲುಗು. ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಥೆ ಸುಮಾರು 806ರ ಶಾಸನಗಳಿಂದ ಶುರುವಾಗುತ್ತದೆ, ಅಲ್ಲಿ ರಾಷ್ಟ್ರಕೂಟರು, ನೊಳಂಬರು, ಬಾಣರು ಎಲ್ಲರೂ ಬರುತ್ತಾರೆ. ಹಾಗಾಗಿ ನಮ್ಮ ಜಿಲ್ಲೆಯಲ್ಲಿ ಶಾಸನ ಕಲಿಯುವ ಹುಡುಗ ಹಳಗನ್ನಡದ ಜೊತೆಗೆ ತಮಿಳು, ಗ್ರಂಥ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿ), ತೆಲುಗು ಲಿಪಿಗಳನ್ನೂ ಗುರುತು ಹಿಡಿಯಬೇಕು, ಸಂಸ್ಕೃತವೂ ಸ್ವಲ್ಪ ಬರಬೇಕು. ಎಂಎ ಓದುವ ಎರಡು ವರ್ಷದಲ್ಲಿ ಸಿಲೆಬಸ್ಸಿನ ಆಚೆಗೆ ಇದನ್ನೆಲ್ಲ ಕಲಿಯಬೇಕೆಂದರೆ ಸಂಜೆ ಹೊತ್ತು ಖಾಲಿ ಇರಬೇಕು. ಸಂಜೆ ಹೊತ್ತು ಮೆಡಿಕಲ್ ಸ್ಟೋರಿನಲ್ಲೋ, ಪೆಟ್ರೋಲ್ ಬಂಕಿನಲ್ಲೋ ಕೆಲಸಕ್ಕೆ ನಿಲ್ಲುವ ಮಕ್ಕಳಿಗೆ ಅದು ಎಲ್ಲಿಂದ ಆಗಬೇಕು ಹೇಳಿ.

ಆವನಿಯ ಒಂದು ಶಾಸನದ ವಿಷಯ ಹೇಳಲೇಬೇಕು. ಹತ್ತನೇ ಶತಮಾನದ್ದು. ತ್ರಿಭುವನಕರ್ತಾರ ಅನ್ನುವ ಒಬ್ಬ ತಪಸ್ವಿ ನಲವತ್ತು ವರ್ಷ ಆವನಿಯ ಸ್ಥಾನವನ್ನು ನೋಡಿಕೊಂಡರು, ಐವತ್ತು ದೇವಸ್ಥಾನ ಮಾಡಿಸಿದರು, ಎರಡು ದೊಡ್ಡ ಕೆರೆ ಕಟ್ಟಿಸಿದರು ಅಂತ ಅದರಲ್ಲಿದೆ. ಈ ಮಾತನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ. ಆವನಿಗೆ ಕರೆದುಕೊಂಡು ಹೋಗಿ ಆ ಕಲ್ಲಿನ ಮುಂದೆ ಕೂರಿಸಿ ಒಂದೊಂದೇ ಅಕ್ಷರ ಬಿಡಿಸಿ ಓದಿಸಿದರೆ, ಮುಂದಿನ ವಾರ ಅವರೇ ತಮ್ಮ ಊರಿನ ಕಲ್ಲಿನ ಫೋಟೋ ತೆಗೆದುಕೊಂಡು ಬರುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಕರೆದುಕೊಂಡು ಹೋಗುವುದಕ್ಕೆ ಟೆಂಪೋ ಬಾಡಿಗೆ ಬೇಕು.

ಫೋಟೋ ತೆಗೆದರೆ ಸಾಕಲ್ವಾ, ಅದಕ್ಕೇನು ಖರ್ಚು ಅಂತ ಕೆಲವರು ಕೇಳುತ್ತಾರೆ. ಸವೆದ ಅಕ್ಷರ ಫೋಟೋದಲ್ಲಿ ಕಾಣುವುದಿಲ್ಲ. ಅಚ್ಚು ತೆಗೆಯಬೇಕು. ಕಲ್ಲನ್ನು ನೀರು ಹಾಕಿ ಮೆತ್ತಗೆ ತೊಳೆದು, ಪಾಚಿ ಮಣ್ಣು ಎಲ್ಲ ಹೋದ ಮೇಲೆ, ಒದ್ದೆ ಕಾಗದವನ್ನು ಸುಕ್ಕಿಲ್ಲದಂತೆ ಹರಡಿ, ಬ್ರಷ್‌ನಿಂದ ಹದವಾಗಿ ಬಡಿಯಬೇಕು, ಕಾಗದ ಅಕ್ಷರದ ಗುಣಿಯೊಳಗೆ ಇಳಿಯುವ ತನಕ. ಜೋರಾಗಿ ಬಡಿದರೆ ಹರಿಯುತ್ತದೆ, ಮೆತ್ತಗೆ ಬಡಿದರೆ ಅಕ್ಷರ ಕೂರುವುದಿಲ್ಲ. ಕಾಗದ ಅರ್ಧ ಒಣಗಿದಾಗ ಬಟ್ಟೆಯ ಉಂಡೆಗೆ ಮಸಿ ಮುಟ್ಟಿಸಿ ಮೇಲೆ ತಟ್ಟುತ್ತಾ ಹೋಗಬೇಕು. ಉಬ್ಬಿದ ಜಾಗ ಕಪ್ಪಾಗುತ್ತದೆ, ಅಕ್ಷರ ಬೆಳ್ಳಗೆ ಉಳಿಯುತ್ತದೆ. ಗಾಳಿ ಜೋರಾಗಿ ಬೀಸಿದರೆ ಎಲ್ಲ ಮೊದಲಿಂದ. ಒಳ್ಳೆ ಕಾಗದ ಬೇಕು, ಮಸಿ ಬೇಕು, ಒಬ್ಬ ಕಲಿಯಬೇಕಾದರೆ ಎಷ್ಟೋ ಹಾಳೆ ಹಾಳಾಗುತ್ತವೆ, ಹಾಳಾಗಲೇಬೇಕು. ಮನೆಯಲ್ಲಿ ದುಡ್ಡಿಲ್ಲದ ಹುಡುಗ ಹಾಳೆ ಹರಿದೀತು ಅಂತ ಹೆದರಿ ಬ್ರಷ್ ಮುಟ್ಟುವುದೇ ಇಲ್ಲ, ಹಿಂದೆ ನಿಂತು ನೋಡುತ್ತಾನೆ.

ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಅನ್ನುವ ಇತಿಹಾಸ ಸಂಶೋಧನಾ ಸಂಸ್ಥೆಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಸವೆದ ಅಕ್ಷರವೂ ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತದೆ. ಅಂಥದ್ದು ನಮ್ಮ ಜಿಲ್ಲೆಗಳ ಮೂಲೆ ಮೂಲೆಗೂ ಬರಬೇಕು. ಬಂದರೂ ಅಕ್ಷರ ಓದಿ ಅರ್ಥ ಹೇಳುವುದು ಮನುಷ್ಯರೇ ಅಲ್ವಾ?

ಬಾಗೇಪಲ್ಲಿ ಕಡೆಯ ಒಬ್ಬ ಹುಡುಗಿ ನಮ್ಮ ಜೊತೆ ಬರುತ್ತಿದ್ದಳು. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ. ಈ ಹಳೆ ಶಾಸನಗಳ ಕಾಲಕ್ಕೆ ಕನ್ನಡ, ತೆಲುಗು ಎರಡಕ್ಕೂ ಲಿಪಿ ಹೆಚ್ಚು ಕಡಿಮೆ ಒಂದೇ, ಹಾಗಾಗಿ ಅವಳಿಗೆ ಎರಡೂ ಕಡೆಯಿಂದ ಅನುಕೂಲ. ಒಂದು ಸಂಜೆ ಒಂದು ವೀರಗಲ್ಲಿನ ಮುಂದೆ ಎಲ್ಲರೂ ಸೋತು ಕೂತಿದ್ದೆವು. ಅವಳು ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಅದಕ್ಕೆ ತಾಗಿಸಿದ ಹಾಗೆ ಹಿಡಿದು, ಬೆಳಕು ಅಡ್ಡ ಬೀಳುವಂತೆ ಮಾಡಿ ಒಂದು ಅಕ್ಷರದ ಮೇಲೆ ಬೆರಳಿಟ್ಟು "ಮೇಡಂ, ಇದು ರ ಅಲ್ಲ, ಱ" ಅಂದಳು. ಈಗ ನಾವು ಬಳಸದ ಹಳೆಯ ಅಕ್ಷರ ಅದು. ಅದು ಱ ಆದ ಕೂಡಲೇ ಹಿಂದಿನ ಅಕ್ಷರ ಸೇರಿ 'ತುಱು' ಆಯಿತು, ಅಂದರೆ ದನ. ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಹೋರಾಡಿ ಸತ್ತವನ ಕಲ್ಲು ಅದು ಅಂತ ಅಲ್ಲಿಗೆ ಗೊತ್ತಾಯಿತು. ನೋಡುತ್ತಾ ನಿಂತಿದ್ದ ಊರಿನ ಅಜ್ಜ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಕಲ್ಲಿಗೆ ಕೈ ಮುಗಿದರು.

ಆ ಹುಡುಗಿ ಎಂಎ ಎರಡನೇ ಸೆಮಿಸ್ಟರ್ ಮುಗಿಸಿ ಓದು ಬಿಟ್ಟಳು. ಈಗ ನರಸಾಪುರದ ಕಡೆ ಫೋನ್ ಕಾರ್ಖಾನೆಯಲ್ಲಿದ್ದಾಳೆ. ಸಂಬಳ ಸಮಯಕ್ಕೆ ಬರುತ್ತೆ, ಮನೆ ನಡೆಯುತ್ತೆ, ಆ ಕೆಲಸದ ಬಗ್ಗೆ ನನಗೆ ಗೌರವವೇ ಇದೆ. ಅವಳ ಅಪ್ಪ ಹೇಳಿದ ಮಾತು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. "ಓದಿಸಬಾರದು ಅಂತಲ್ಲಮ್ಮ, ಇನ್ನೊಂದು ವರ್ಷ ಕಾಯೋಕೆ ನಮ್ ಕೈಲಿ ಆಗ್ಲಿಲ್ಲ, ಅಷ್ಟೆ."

ಆ ಒಂದು ವರ್ಷ ಕಾಯುವ ಶಕ್ತಿಯನ್ನು ನೀವು ಕೊಡಬಹುದು. ನಾನು ಕೇಳುತ್ತಿರುವುದು ಅದನ್ನೇ.

ಸರ್ಕಾರದ ಸ್ಕಾಲರ್‌ಶಿಪ್ ಇಲ್ವಾ ಅಂತ ಕೇಳುತ್ತೀರಿ. ಇದೆ. ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಬರುತ್ತದೆ, ಎಷ್ಟೋ ಮಕ್ಕಳ ಫೀಸು ಅದರಿಂದಲೇ ನಡೆಯುವುದು, ಹಾಸ್ಟೆಲ್‌ಗಳೂ ಇವೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಎಷ್ಟೋ ಇಳಿದಿದೆ. ಆದರೆ ಶಾಸನದ ಕಲ್ಲುಗಳು ಬಸ್ ಸ್ಟಾಂಡಿನಲ್ಲಿ ಇರುವುದಿಲ್ಲ. ಮೇನ್ ರೋಡಿನಿಂದ ಒಳಗೆ ನಾಲ್ಕೈದು ಕಿಲೋಮೀಟರ್ ಆಟೋ ಮಾಡಿಕೊಂಡೇ ಹೋಗಬೇಕು. ಇನ್ನು ಪಿಎಚ್‌ಡಿ ಮಾಡುವವರಿಗೆ ಯುಜಿಸಿಯ ಜೆಆರ್‌ಎಫ್ ಅನ್ನುವ ಸಂಶೋಧನಾ ವೇತನ ಇದೆ, 2023ರಿಂದ ತಿಂಗಳಿಗೆ 37,000 ರೂಪಾಯಿ. ಒಳ್ಳೆಯ ಮೊತ್ತವೇ. ಆದರೆ ಅದು ದೇಶದ ಮಟ್ಟದ ಪರೀಕ್ಷೆಯಲ್ಲಿ ಗೆದ್ದ ಕೆಲವರಿಗೆ. ಆ ಪರೀಕ್ಷೆ ಬರೆಯುವ ಮಟ್ಟಕ್ಕೆ ಏರಬೇಕಾದ ಎಂಎ ಹಂತದಲ್ಲೇ ನಮ್ಮ ಮಕ್ಕಳು ಬಿಟ್ಟುಹೋಗುತ್ತಾರೆ. ಬಿಟ್ಟುಹೋಗುವ ಆ ಹಂತಕ್ಕೇ ದುಡ್ಡು ತಲುಪಬೇಕು.

ದತ್ತಿ ಪದಕದ ವಿಷಯವನ್ನೂ ಬಿಚ್ಚಿ ಹೇಳುತ್ತೇನೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ. ತಂದೆ ತಾಯಿಯ ನೆನಪಿನಲ್ಲಿ ವಿಶ್ವವಿದ್ಯಾಲಯದಲ್ಲಿ ಚಿನ್ನದ ಪದಕ ಇಡುತ್ತೀರಿ. ಭಾವನೆ ದೊಡ್ಡದು. ಆದರೆ ಐವತ್ತು ಸಾವಿರ ಇಟ್ಟರೆ ಈಗಿನ ಬಡ್ಡಿಯಲ್ಲಿ ವರ್ಷಕ್ಕೆ ಬರುವುದು ಮೂರೂವರೆ ಸಾವಿರದ ಹತ್ತಿರ. ಚಿನ್ನದ ರೇಟು ಎಲ್ಲಿದೆ ಅಂತ ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಅಷ್ಟರಲ್ಲಿ ಚಿನ್ನದ ಲೇಪ ಹಾಕಿದ ಪದಕ ಬಿಟ್ಟು ಬೇರೆ ಬರಲ್ಲ. ಅದು ಸಿಗುವುದೂ ಓದು ಪೂರ್ತಿ ಮುಗಿಸಿ ಮೊದಲನೆಯವನಾಗಿ ಬಂದವನಿಗೆ. ಅವನು ಹೇಗೋ ದಡ ಸೇರಿದ್ದಾನೆ. ನಡುವೆ ಕೈಬಿಟ್ಟವರು ಘಟಿಕೋತ್ಸವದ ವೇದಿಕೆ ಹತ್ತುವುದಿಲ್ಲ, ಹಾಗಾಗಿ ಅವರು ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಲೆಕ್ಕ ಹೀಗಿದೆ. ಹತ್ತು ಲಕ್ಷ ರೂಪಾಯಿ ನಿಧಿ. ನೂರಕ್ಕೆ ಏಳರ ಬಡ್ಡಿ ಅಂದರೆ ವರ್ಷಕ್ಕೆ 70,000. ಅದರಲ್ಲಿ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 5,000ದಂತೆ ಹತ್ತು ತಿಂಗಳು, ಅಂದರೆ 50,000. ಹತ್ತು ಸಾವಿರ ಕಾಗದ, ಮಸಿ, ಬ್ರಷ್, ಓಡಾಟಕ್ಕೆ. ಉಳಿದ ಹತ್ತು ಸಾವಿರ ವಾಪಸ್ ಅಸಲಿಗೆ ಸೇರಬೇಕು. ಈ ಕೊನೆಯದನ್ನು ಯಾರೂ ಮಾಡುವುದಿಲ್ಲ, ಅದಕ್ಕೇ ಮೂವತ್ತು ವರ್ಷದ ಹಿಂದಿನ ದತ್ತಿಗಳು ಈಗ ಹೆಸರಿಗಷ್ಟೇ ಉಳಿದಿರುವುದು. ಹತ್ತು ಲಕ್ಷವನ್ನು ಒಬ್ಬರೇ ಕೊಡಬೇಕಿಲ್ಲ. ಹತ್ತು ಜನ ಲಕ್ಷ ಲಕ್ಷ ಕೊಟ್ಟರೆ ಆಯಿತು. ಒಂದು ಬ್ಯಾಚಿನ ಹಳೆ ವಿದ್ಯಾರ್ಥಿಗಳು ವಾಟ್ಸಾಪ್ ಗ್ರೂಪ್ ಮಾಡಿಕೊಂಡು ಗೆಟ್ ಟುಗೆದರ್‌ಗೆ ಖರ್ಚು ಮಾಡುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿದರೂ ಆದೀತು.

ಮಂಡಿಯವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. 2023ರ ಜುಲೈನಲ್ಲಿ ಕೋಲಾರದ ಮಾರ್ಕೆಟ್ಟಿನಲ್ಲಿ ಹದಿನೈದು ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದ್ದನ್ನು ನೀವೇ ಹರಾಜು ಕೂಗಿ ನೋಡಿದ್ದೀರಿ. ಕೊಯ್ಲಿನ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳನ್ನೂ ನೋಡಿದ್ದೀರಿ. ಪ್ರತಿ ವರ್ಷ ಆ ವರ್ಷದ ಲಾಭದಲ್ಲೇ ಕೊಡುತ್ತೇವೆ ಅಂದರೆ ರೇಟು ಬಿದ್ದ ವರ್ಷ ಹುಡುಗನ ಓದೂ ನಿಲ್ಲುತ್ತದೆ. ರೇಟು ಬಂದ ವರ್ಷ ನಿಧಿಗೆ ಹಾಕಿ, ರೇಟು ಬಿದ್ದ ವರ್ಷ ಸುಮ್ಮನಿರಿ. ಬಡ್ಡಿ ತನ್ನ ಪಾಡಿಗೆ ತಾನು ಓದಿಸುತ್ತಿರುತ್ತದೆ.

ಇದೇನೂ ನಾನು ಹೊಸದಾಗಿ ಕಂಡುಹಿಡಿದದ್ದಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಅಂತ ಊರಿದೆ. ಅಲ್ಲಿ 945ರ ಒಂದು ಕಂಬದ ಶಾಸನ ಸಿಕ್ಕಿದೆ, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣ ಅನ್ನುವವನು ಅಲ್ಲಿ ಒಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರಿಗೆ ಇಳಿದುಕೊಳ್ಳಲು 27 ಮನೆ. ಖರ್ಚಿಗೆ 500 ನಿವರ್ತನ ಭೂಮಿ, ನಿವರ್ತನ ಅಂದರೆ ಆಗಿನ ಕಾಲದ ಭೂಮಿ ಅಳತೆ. ಓದುವುದಕ್ಕೆ ದೀಪ ಬೇಕಲ್ಲ, ದೀಪಕ್ಕೆ ಅಂತಲೇ ಬೇರೆ 12 ನಿವರ್ತನ. ಇಷ್ಟೇ ಅಲ್ಲ, ಊರಿನಲ್ಲಿ ಮದುವೆ ಆದರೆ ಐದು ನಾಣ್ಯ, ಉಪನಯನ ಆದರೆ ಎರಡೂವರೆ ಶಾಲೆಗೆ ಕೊಡಬೇಕು ಅಂತ ಊರವರೇ ಕಟ್ಟು ಮಾಡಿಕೊಂಡರು. ಮೊದಲನೆಯವನಾಗಿ ಬಂದವನಿಗೆ ಇಷ್ಟು ಅನ್ನುವ ಮಾತು ಅಲ್ಲಿಲ್ಲ. ಇರಲು ಜಾಗ, ಹೊಟ್ಟೆಗೆ ಅನ್ನ, ಓದಲು ಬೆಳಕು. ಸಾವಿರ ವರ್ಷದ ಹಿಂದಿನವರು ವಿದ್ಯಾರ್ಥಿಯ ಅಗತ್ಯ ಏನು ಅಂತ ಎಷ್ಟು ಸರಿಯಾಗಿ ತಿಳಿದಿದ್ದರು ನೋಡಿ! ನಮ್ಮಲ್ಲೂ ಈಗ ಮದುವೆಗಳು ಎಷ್ಟು ಜೋರಾಗಿ ನಡೆಯುತ್ತವೆ. ಒಂದು ಮದುವೆಯ ಸ್ಟೇಜ್ ಡೆಕೋರೇಷನ್ ಖರ್ಚಿನಲ್ಲಿ ಒಬ್ಬ ಹುಡುಗಿ ಎಂಎ ಮುಗಿಸಬಹುದು.

ದೇವಸ್ಥಾನ ಕಮಿಟಿಯವರೇ, ನಿಮ್ಮ ಹತ್ತಿರ ನನ್ನದು ಎರಡು ಬೇಡಿಕೆ. ಒಂದು ದುಡ್ಡಿನದು, ಇನ್ನೊಂದು ಅದಕ್ಕಿಂತ ದೊಡ್ಡದು. ಜೀರ್ಣೋದ್ಧಾರ ಅಂತ ದಾನಿಗಳಿಂದ ಚಂದಾ ಎತ್ತಿ ಗುಡಿಯ ಬುಡಕ್ಕೆ ಟೈಲ್ಸ್ ಹಾಕಿಸುತ್ತೀರಿ, ಗೋಡೆಗೆ ಆಯಿಲ್ ಪೇಂಟ್ ಬಳಿಸುತ್ತೀರಿ. ಭಕ್ತಿಯಿಂದಲೇ ಮಾಡುತ್ತೀರಿ, ಅದರಲ್ಲಿ ಅನುಮಾನ ಇಲ್ಲ. ಆದರೆ ಆ ಬುಡದ ಕಲ್ಲಿನ ಸಾಲಿನಲ್ಲೇ ಶಾಸನ ಇರುವುದು. ಒಂದು ಊರಿನಲ್ಲಿ ನಾವು ಹೋಗುವಷ್ಟರಲ್ಲಿ ಅಕ್ಷರದ ಗುಣಿಗಳಲ್ಲಿ ಹಳದಿ ಪೇಂಟು ತುಂಬಿ ಗಟ್ಟಿಯಾಗಿತ್ತು, ಬೆರಳಿಟ್ಟರೆ ನುಣ್ಣಗೆ. ಪಕ್ಕದಲ್ಲೇ ಹೊಸ ಗ್ರಾನೈಟ್ ಫಲಕದಲ್ಲಿ ಈಗಿನ ದಾನಿಗಳ ಹೆಸರು, ಅದರ ಅಡಿಯಲ್ಲಿ ಹಳೆ ದಾನಿಯ ಹೆಸರು ಮುಚ್ಚಿಹೋಗಿದೆ. ಅವನೂ ಹೀಗೆಯೇ ಆ ದೇವರಿಗೆ ಭೂಮಿ ಬಿಟ್ಟವನು, ಎಣ್ಣೆಗೆ ದುಡ್ಡು ಕೊಟ್ಟವನು. ಎಷ್ಟೋ ದಾನಶಾಸನಗಳ ಕೊನೆಯಲ್ಲಿ ಒಂದು ಶ್ಲೋಕ ಬರುತ್ತದೆ, ದಾನ ಕೊಡುವುದು ಮತ್ತು ಕೊಟ್ಟ ದಾನವನ್ನು ಕಾಪಾಡುವುದು ಇವೆರಡರಲ್ಲಿ ಕಾಪಾಡುವುದೇ ಹೆಚ್ಚು ಅಂತ ಅದರ ಅರ್ಥ. ಟೈಲ್ಸ್ ಹಾಕಿಸುವ ಮೊದಲು ದಯವಿಟ್ಟು ಒಂದು ಫೋನ್ ಮಾಡಿ, ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ. ನಾವು ಬಂದು ಓದಿ, ಅಚ್ಚು ತೆಗೆದು, ಅದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಬರೆದು ಕೊಡುತ್ತೇವೆ. ಅದನ್ನೇ ಫಲಕ ಮಾಡಿ ಹಾಕಿ, ಎಷ್ಟು ಚೆನ್ನಾಗಿರುತ್ತದೆ!

ಊರುಗಳಿಗೆ ಹೋದಾಗ ಎದುರಾಗುವ ಇನ್ನೊಂದು ಕಷ್ಟವೂ ಇದೆ. ಕಲ್ಲಿನ ಹತ್ತಿರ ಕೂತರೆ "ಏನಮ್ಮಾ, ನಿಧಿ ಹುಡುಕ್ತಾ ಇದೀರಾ?" ಅಂತ ಕೇಳುತ್ತಾರೆ. ನಿಧಿ ಆಸೆಗೆ ಕಲ್ಲು ಒಡೆದವರನ್ನು ನೋಡಿ ನೋಡಿ ಜನಕ್ಕೆ ಆ ಅನುಮಾನ ಬಂದಿದೆ, ಅವರ ತಪ್ಪಲ್ಲ. ಊರಿನ ಹಿರಿಯರೊಬ್ಬರು ಜೊತೆಗೆ ನಿಂತರೆ ಸಾಕು, ಎಲ್ಲ ಸರಿಹೋಗುತ್ತದೆ. ಪಂಚಾಯ್ತಿ ಸದಸ್ಯರು, ಡೇರಿ ಸೆಕ್ರೆಟರಿ, ಇಂಥವರು ಒಂದು ಮಧ್ಯಾಹ್ನ ನಮ್ಮ ಮಕ್ಕಳ ಜೊತೆ ನಿಂತರೆ ಅದೂ ದಾನವೇ. ಹೆಣ್ಣುಮಕ್ಕಳಿಗಂತೂ ಅದು ದುಡ್ಡಿಗಿಂತ ಜಾಸ್ತಿ.

ಇತಿಹಾಸ ಓದಿ ಏನು ಕೆಲಸ ಸಿಗುತ್ತೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಸುಳ್ಳು ಹೇಳಲ್ಲ. ಇಂಜಿನಿಯರಿಂಗ್ ಓದಿದವರಿಗೆ ಸಿಕ್ಕ ಹಾಗೆ ಸಿಗುವುದಿಲ್ಲ. ಮೇಷ್ಟ್ರ ಕೆಲಸ, ಕೆಎಎಸ್‌ನಂಥ ಪರೀಕ್ಷೆಗಳು, ಪುರಾತತ್ವ ಇಲಾಖೆ, ಮ್ಯೂಸಿಯಂ, ಪತ್ರಾಗಾರ. ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದು ನಮ್ಮ ಮೈಸೂರಿನಲ್ಲೇ. ಅಲ್ಲಿ ಕೂತು ಹಳೆ ಲಿಪಿ ಓದಬಲ್ಲವರು ಮುಂದೆ ಎಲ್ಲಿಂದ ಬರಬೇಕು? ನಮ್ಮ ಭಾಗಕ್ಕೆ 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂದಿದೆ, ತುಮಕೂರಿಗೆ 2004ರಲ್ಲೇ ಬಂತು. ಕನ್ನಡ ಸಾಹಿತ್ಯ ಪರಿಷತ್ತು ಬೆಂಗಳೂರಿನಲ್ಲಿ ಶಾಸನಶಾಸ್ತ್ರ ಡಿಪ್ಲೊಮಾ ನಡೆಸುತ್ತದೆ. ಕಲಿಯುವ ದಾರಿ ಇದೆ, ಕಲಿಸುವವರು ಇದ್ದಾರೆ, ಆಸೆ ಇರುವ ಮಕ್ಕಳೂ ಇದ್ದಾರೆ. ಎಲ್ಲರೂ ಇದನ್ನೇ ಓದಲಿ ಅಂತ ನಾನು ಹೇಳುತ್ತಿಲ್ಲ. ಎರಡು ಜಿಲ್ಲೆಯಿಂದ ವರ್ಷಕ್ಕೆ ನಾಲ್ಕೈದು ಮಕ್ಕಳು ಸಾಕು. ನಾಲ್ಕೈದು ಜನರನ್ನು ಸಾಕುವ ಶಕ್ತಿ ನಮ್ಮ ಎರಡು ಜಿಲ್ಲೆಗೆ ಇಲ್ವಾ?

ಇದೆ ಅಂತ ನನಗೆ ಗೊತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬಡತನದಲ್ಲಿ, ಓದಬೇಕು ಅನ್ನುವ ಒಂದೇ ಹಟಕ್ಕೆ ಬೆಂಗಳೂರಿಗೆ ನಡೆದುಕೊಂಡು ಹೋದವರು. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಆದರೂ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದರು, ದುಡಿದದ್ದನ್ನು ಶಾಲೆ ಕಾಲೇಜಿಗೆ ಹಾಕಿದರು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಅನ್ನ, ವಸತಿ, ಓದು ನಡೆಯುತ್ತಿದೆ. ಅದು ದೊಡ್ಡ ಸಾಹುಕಾರರಿಂದ ಮಾತ್ರ ನಡೆದದ್ದಲ್ಲ, ಸುತ್ತಲ ರೈತರು ರಾಗಿ, ತೆಂಗಿನಕಾಯಿ, ಬೆಲ್ಲ ತಂದು ಕೊಟ್ಟು ನಡೆಸಿದ್ದು. ಕೊಡುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಇನ್ನೊಂದು ಮಾತು. ಎಷ್ಟೋ ಸಂಘಗಳು ತಮ್ಮ ಸಮಾಜದ ಮಕ್ಕಳಿಗೆ ಮಾತ್ರ ಕೊಡುತ್ತವೆ. ಒಂದು ಕಾಲದಲ್ಲಿ ಜಾತಿ ಹಾಸ್ಟೆಲ್‌ಗಳು ಇಲ್ಲದಿದ್ದರೆ ನಮ್ಮ ಹಳ್ಳಿ ಮಕ್ಕಳು ಪಟ್ಟಣ ಸೇರಿ ಓದುವುದಕ್ಕೇ ಆಗುತ್ತಿರಲಿಲ್ಲ, ಆ ಉಪಕಾರ ದೊಡ್ಡದು. ಆದರೆ ಈ ಒಂದು ನಿಧಿಯನ್ನಾದರೂ ಎಲ್ಲ ಮಕ್ಕಳಿಗೂ ತೆರೆದಿಡಿ. ಆ ವೀರಗಲ್ಲನ್ನು ಓದಿದ ಹುಡುಗಿಯ ಜಾತಿ ಯಾವುದು, ಕಲ್ಲಿನಲ್ಲಿ ಕೆತ್ತಿರುವ ವೀರನ ಜಾತಿ ಯಾವುದು ಅಂತ ಕೈ ಮುಗಿದ ಅಜ್ಜ ಕೇಳಲಿಲ್ಲ.

ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶದ ಕಂಪನಿಗಳ ಅಧಿಕಾರಿಗಳಿಗೂ ಈ ಪತ್ರ ತಲುಪಲಿ. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟು ಸಮಾಜಕ್ಕೆ ಖರ್ಚು ಮಾಡಬೇಕು. ಆ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಪರಂಪರೆಯ ರಕ್ಷಣೆಯೂ ಇದೆ. ನಾವು ಕೇಳುತ್ತಿರುವುದು ಎರಡೂ ಒಟ್ಟಿಗೆ ಇರುವ ಕೆಲಸ. ಶಾಲೆಗೆ ಬೆಂಚು, ಶೌಚಾಲಯ ಕೊಟ್ಟಿದ್ದೀರಿ, ಧನ್ಯವಾದ. ಇದಕ್ಕೂ ಒಂದಷ್ಟು ಕೊಡಿ.

ಬರೀ ವಿದ್ಯಾರ್ಥಿಗಳಲ್ಲ, ನಮ್ಮ ತಾಲ್ಲೂಕುಗಳಲ್ಲಿ ರಿಟೈರ್ ಆದ ಕೆಲವು ಸ್ಕೂಲ್ ಮೇಷ್ಟ್ರುಗಳಿದ್ದಾರೆ. ಜೀವನವಿಡೀ ಸೈಕಲ್ಲಿನಲ್ಲಿ, ಟಿವಿಎಸ್‌ನಲ್ಲಿ ಓಡಾಡಿ ಊರೂರಿನ ಕಲ್ಲುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡವರು. ಯಾವ ಹೊಲ, ಯಾವ ಮರ, ಯಾರ ಮನೆ ಹಿತ್ತಿಲು, ಎಲ್ಲ ಬರೆದಿದ್ದಾರೆ. ಆ ಕಲ್ಲುಗಳಲ್ಲಿ ಕೆಲವು ಈಗ ರಸ್ತೆ ಅಗಲ ಮಾಡುವಾಗ ಹೋಗಿಯೇಬಿಟ್ಟಿವೆ, ನೋಟ್‌ಬುಕ್ಕಿನಲ್ಲಿ ಮಾತ್ರ ಉಳಿದಿವೆ. ಅಚ್ಚು ಹಾಕಿಸುವುದಕ್ಕೆ ಅವರ ಹತ್ತಿರ ದುಡ್ಡಿಲ್ಲ, ಪೆನ್ಷನ್ ಔಷಧಿಗೇ ಸರಿಹೋಗುತ್ತದೆ. ಒಬ್ಬ ವಿದ್ಯಾರ್ಥಿಯನ್ನು ಅವರ ಹತ್ತಿರ ಆರು ತಿಂಗಳು ಕೂರಿಸಿ ಆ ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸಿ, ಪುಸ್ತಕ ಮಾಡಿಸಬೇಕು. ಇದು ತಡ ಆದರೆ ಆಗುವ ಕೆಲಸ ಅಲ್ಲ. ಅವರಿಗೆಲ್ಲ ಈಗ ವಯಸ್ಸಾಗಿದೆ.

ದುಡ್ಡು ಯಾರ ಕೈಗೆ ಕೊಡಬೇಕು ಅಂತ ನೀವು ಕೇಳುವುದು ಸರಿಯಾದ ಪ್ರಶ್ನೆ. ನನ್ನ ಕೈಗೆ ಬೇಡ, ಯಾವ ಮೇಷ್ಟ್ರ ಕೈಗೂ ಬೇಡ. ರಿಜಿಸ್ಟರ್ ಆದ ಟ್ರಸ್ಟಿನ ಖಾತೆಯಲ್ಲಿ ಇರಲಿ, ಇಬ್ಬರ ಸಹಿ ಇಲ್ಲದೆ ಹೊರಗೆ ಬರಬಾರದು, ಅಸಲು ಮುಟ್ಟುವಂತಿಲ್ಲ ಅಂತ ಟ್ರಸ್ಟಿನ ಪತ್ರದಲ್ಲೇ ಬರೆಸಿ. ಆಯ್ಕೆ ಸಮಿತಿಯಲ್ಲಿ ದಾನಿಗಳ ಕಡೆಯಿಂದ ಒಬ್ಬರು, ನಮ್ಮ ಕಾಲೇಜುಗಳಿಂದ ಒಬ್ಬರು, ಬೇರೆ ಜಿಲ್ಲೆಯಿಂದ ಶಾಸನ ಬಲ್ಲವರು ಒಬ್ಬರು. ಮಾರ್ಕ್ಸ್ ನೋಡಿ ಆರಿಸುವುದಕ್ಕಿಂತ ಮಕ್ಕಳನ್ನು ಒಂದು ಕಲ್ಲಿನ ಮುಂದೆ ಒಂದು ದಿನ ಕೂರಿಸಿ ನೋಡಿ, ಯಾರಿಗೆ ನಿಜವಾಗಿ ಆಸೆ ಇದೆ ಅಂತ ಸಂಜೆ ಒಳಗೆ ಗೊತ್ತಾಗುತ್ತದೆ. ದುಡ್ಡು ಪಡೆದ ವಿದ್ಯಾರ್ಥಿ ಮೂರು ತಿಂಗಳಿಗೊಮ್ಮೆ ಒಂದು ಶಾಸನ ಓದಿ, ಅದರಲ್ಲಿ ಬರೆದಿರುವುದು, ಅದರ ಅರ್ಥ, ಜಾಗದ ಗುರುತು ಎಲ್ಲವನ್ನೂ ಬರೆದು ಆ ಊರಿನ ಶಾಲೆಗೆ, ಪಂಚಾಯ್ತಿಗೆ ಒಂದೊಂದು ಪ್ರತಿ ಕೊಡಬೇಕು. ಮೊದಲ ಶಾಸನ ದಾನಿಯ ಊರಿನದ್ದೇ ಆಗಲಿ. ವರ್ಷದ ಲೆಕ್ಕ ಎಲ್ಲರಿಗೂ ಕಾಣುವ ಹಾಗೆ ನೋಟಿಸ್ ಬೋರ್ಡಿನಲ್ಲಿ ಹಾಕಬೇಕು. ನಿಧಿಗೆ ನಿಮ್ಮ ತಂದೆ ತಾಯಿ ಹೆಸರಿಡಿ, ಖಂಡಿತ ಇಡಿ, ಸಾವಿರ ವರ್ಷದಿಂದ ದಾನಿಗಳು ಇಟ್ಟುಕೊಂಡು ಬಂದಿದ್ದಾರೆ.

ಈ ಸಲದ ಎಂಎ ಪ್ರವೇಶ ಶುರುವಾಗುವ ಮೊದಲು ಒಂದು ನಿಧಿಯಾದರೂ ನಿಲ್ಲಬೇಕು ಅನ್ನುವುದು ನಮ್ಮ ಆಸೆ. ಪೂರ್ತಿ ಹತ್ತು ಲಕ್ಷ ಆಗದಿದ್ದರೆ ಮೊದಲ ವರ್ಷಕ್ಕೆ ಅರವತ್ತು ಸಾವಿರ ಆದರೂ ಸರಿ, ಒಬ್ಬರನ್ನು ಹಿಡಿದು ನಿಲ್ಲಿಸಿಕೊಳ್ಳಬಹುದು. ಮಂಡಿಯಲ್ಲಿ ಹರಾಜು ಮುಗಿದ ಮೇಲೆ, ಡೇರಿ ಮೀಟಿಂಗಿನ ಕೊನೆಯಲ್ಲಿ, ದೇವಸ್ಥಾನದ ಜಗಲಿ ಮೇಲೆ, ಎಲ್ಲಿ ಯಾವ ಹೊತ್ತಿಗೆ ಬನ್ನಿ ಅಂದರೂ ನಾವು ಬರುತ್ತೇವೆ. ಮಕ್ಕಳೂ ಬರುತ್ತಾರೆ, ತೆಗೆದ ಅಚ್ಚುಗಳನ್ನು ತರುತ್ತಾರೆ. ನಿಮ್ಮ ಊರಿನ ಕಲ್ಲು ಯಾವುದಾದರೂ ಇದ್ದರೆ ಅವತ್ತೇ ತೋರಿಸಿ, ಅಲ್ಲೇ ಓದಿ ಹೇಳುತ್ತಾರೆ.

ಇಂತಿ ನಿಮ್ಮವಳು,
ಇತಿಹಾಸದ ಒಬ್ಬ ಅತಿಥಿ ಉಪನ್ಯಾಸಕಿ
ಮುಳಬಾಗಿಲು ತಾಲ್ಲೂಕು, ಕೋಲಾರ ಜಿಲ್ಲೆ